ಆ ಶೇಕಡಾ 40 ಎಲ್ಲಿಂದ ಬಂತು?

ರಾತ್ರಿ 11 ಗಂಟೆಗೆ ಹಾಸ್ಟೆಲ್ ವೈಫೈ ಜೊತೆ ಗುದ್ದಾಡಿ ಪೇಪರ್ ಅಪ್‌ಲೋಡ್ ಮಾಡಿ ಮಲಗಿದೆವು. ಮರುದಿನ ಮಧ್ಯಾಹ್ನ ಕ್ಯಾಂಟೀನ್‌ನಲ್ಲಿ ರೈಸ್ ಬಾತ್ ಮುಗಿಯುವ ಮೊದಲೇ ಮೇಲ್ ಬಂತು: ಕಂಗ್ರಾಚುಲೇಷನ್ಸ್, ನಿಮ್ಮ ಪೇಪರ್ ಅಕ್ಸೆಪ್ಟ್ ಆಗಿದೆ! ಜೊತೆಗೆ ರಿವ್ಯೂವರ್ ಹೇಳಿದ ಎರಡು ಮಾತು. ‘ಗುಡ್ ವರ್ಕ್. ಫಾಂಟ್ ಸೈಜ್ ಸರಿಮಾಡಿ.’ ಅದರ ಕೆಳಗೆ ಯುಪಿಐ ಐಡಿ, ಅದರ ಪಕ್ಕದಲ್ಲಿ 1,500 ರೂಪಾಯಿ.

ಐದು ಜನ ತಲಾ 300 ಹಾಕಿದೆವು. ಸಂಜೆಯೊಳಗೆ ಪೇಪರ್ ಆನ್‌ಲೈನ್‌ನಲ್ಲಿತ್ತು. ಎಲ್ಲರಿಗೂ ಬೇರೆ ಬೇರೆ ಇ-ಸರ್ಟಿಫಿಕೇಟ್, ಮೇಲೆ ಬಂಗಾರದ ಬಣ್ಣದ ಮುದ್ರೆ. ರಾತ್ರಿ ಎಲ್ಲರ ವಾಟ್ಸಾಪ್ ಸ್ಟೇಟಸ್‌ನಲ್ಲೂ ಅದೇ. ಜರ್ನಲ್ ಹೆಸರಲ್ಲಿ ‘ಇಂಟರ್‌ನ್ಯಾಷನಲ್’ ಅಂತ ಬೇರೆ ಇತ್ತು. ಹತ್ತೊಂಬತ್ತನೇ ವಯಸ್ಸಿಗೆ ಇಂಟರ್‌ನ್ಯಾಷನಲ್ ಆಗಿಬಿಟ್ವಲ್ಲ ಅಂತ ನಮಗೆ ನಾವೇ ಬೀಗಿದ್ದೂ ನಿಜ.

ಇದೆಲ್ಲಾ ಯಾಕೆ ಮಾಡಿದ್ವಿ ಅಂದರೆ, ಮಿನಿ ಪ್ರಾಜೆಕ್ಟ್‌ನ 50 ಮಾರ್ಕ್ಸ್‌ನಲ್ಲಿ 10 ಮಾರ್ಕ್ಸ್ ‘ಪಬ್ಲಿಕೇಷನ್’ಗೆ ಅಂತ ರೂಬ್ರಿಕ್‌ನಲ್ಲಿ ಬರೆದಿತ್ತು. ಲಿಂಕ್ ಕೊಟ್ಟಿದ್ದು ಸೀನಿಯರ್. ಅವರಿಗೆ ಅವರ ಸೀನಿಯರ್ ಕೊಟ್ಟಿದ್ದರಂತೆ. ಅಜ್ಜಿಯಿಂದ ಅಮ್ಮನಿಗೆ, ಅಮ್ಮನಿಂದ ಮಗಳಿಗೆ ಉಪ್ಪಿನಕಾಯಿ ರೆಸಿಪಿ ಬಂದ ಹಾಗೆ ನಮ್ಮ ಕ್ಯಾಂಪಸ್‌ನಲ್ಲಿ ಈ ಲಿಂಕ್ ಬರುತ್ತದೆ.

ಕಥೆ ಇಲ್ಲಿಗೇ ಮುಗಿದಿದ್ದರೆ ಈ ಲೇಖನ ಬರೆಯುತ್ತಿರಲಿಲ್ಲ. ಮುಗಿಯದಂತೆ ಮಾಡಿದ್ದು ಒಂದು ಫೋನ್ ಕಾಲ್.

ನಮ್ಮಲ್ಲೊಬ್ಬನ ತಾತ ತಿಪಟೂರಿನ ಕಡೆಯವರು. ತೆಂಗಿನ ತೋಟ ಇದೆ, ಬೋರ್‌ವೆಲ್ ನೀರು ಸಾಲುತ್ತಿಲ್ಲ. ಮೊಮ್ಮಗನ ಸ್ಟೇಟಸ್ ಯಾರೋ ತೋರಿಸಿದ್ದಾರೆ. ಭಾನುವಾರ ಬೆಳಗ್ಗೆ ಫೋನ್. ಸ್ಪೀಕರ್‌ನಲ್ಲಿ ನಾವೆಲ್ಲ ಕೇಳುತ್ತಿದ್ದೆವು.

“ಏನೋ ಮಗ, ಪೇಪರ್‌ನಲ್ಲಿ ನಿನ್ ಹೆಸರು ಬಂದದಂತೆ? ಯಾವ ಪೇಪರು, ಪ್ರಜಾವಾಣೀನಾ?”

ಇಂಗ್ಲಿಷ್ ಮೀಡಿಯಂ ಹುಡುಗರು ನಾವು. ಆ ಪೇಪರ್ ಬೇರೆ, ಈ ಪೇಪರ್ ಬೇರೆ ಅಂತ ತಾತನಿಗೆ ಕನ್ನಡದಲ್ಲಿ ಬಿಡಿಸಿ ಹೇಳೋ ಹೊತ್ತಿಗೆ ಸಾಕಾಯಿತು. ನಮ್ಮ ಪ್ರಾಜೆಕ್ಟ್ ಏನೆಂದರೆ, ಮಣ್ಣಿನಲ್ಲಿ ತೇವ ಎಷ್ಟಿದೆ ಅಂತ ಸೆನ್ಸರ್ ನೋಡುತ್ತದೆ, ಒಣಗಿದ್ದರೆ ಪಂಪ್ ತಾನೇ ಆನ್ ಆಗುತ್ತದೆ, ತೇವ ಆದ ಮೇಲೆ ಆಫ್ ಆಗುತ್ತದೆ. ಇದರಿಂದ ಶೇಕಡಾ 40 ನೀರು ಉಳಿಯುತ್ತದೆ ಅಂತ ಪೇಪರ್‌ನ ಸಾರಾಂಶದಲ್ಲೇ ಬರೆದಿದ್ದೆವು. ಅದನ್ನೇ ತಾತನಿಗೂ ಹೇಳಿದ.

ತಾತ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: “ನೂರಕ್ಕೆ ನಲವತ್ತು? ಅಳತೆ ಮಾಡಿದ್ಯಾರು? ಎಷ್ಟ್ ದಿನ? ನಿಜ ಆದ್ರೆ ಹೇಳು, ತೋಟಕ್ಕೆ ಹಾಕ್ಸೇಬಿಡಾಣ. ಸೊಸೈಟಿಲಿ ಸಾಲ ಸಿಗ್ತದೆ.”

ರೂಮಿನಲ್ಲಿ ಯಾರೂ ಮಾತಾಡಲಿಲ್ಲ.

ಯಾಕೆಂದರೆ ಅಳತೆಯನ್ನು ಯಾರೂ ಮಾಡಿರಲಿಲ್ಲ. ಹಾಸ್ಟೆಲ್ ಬಾಲ್ಕನಿಯಲ್ಲಿ ಎರಡು ಕುಂಡ ಇಟ್ಟು ಮೂರು ದಿನ ಓಡಿಸಿದ್ದೆವು ಅಷ್ಟೇ. ಪಂಪ್ ಆನ್ ಆಯಿತು, ಆಫ್ ಆಯಿತು, ವಿಡಿಯೋ ಮಾಡಿಕೊಂಡೆವು. ಎಷ್ಟು ನೀರು ಹೋಯಿತು ಅಂತ ನೋಡಿರಲಿಲ್ಲ. ರಿಸಲ್ಟ್ಸ್ ವಿಭಾಗದಲ್ಲಿ ಒಂದು ಸಂಖ್ಯೆ ಬೇಕಲ್ಲ, ಅದಕ್ಕೆ ನಮ್ಮದೇ ತರಹದ ಇನ್ನೊಂದು ಪೇಪರ್‌ನಿಂದ 40 ಅನ್ನು ತಂದು ಹಾಕಿದೆವು. ತಾತನ ಫೋನ್ ಆದ ಮೇಲೆ ಆ ಪೇಪರ್ ತೆಗೆದು ನೋಡಿದರೆ ಅವರೂ 40 ಅಂತ ಬರೆದಿದ್ದಾರೆಯೇ ಹೊರತು ಹೇಗೆ ಅಳೆದರು ಅಂತ ಒಂದು ಸಾಲೂ ಇಲ್ಲ. ಅವರು ಹೆಸರಿಸಿದ್ದ ಹಿಂದಿನ ಪೇಪರ್‌ನಲ್ಲೂ ಇಲ್ಲ. ಯಾರೋ ಯಾವಾಗಲೋ ಗಾಳಿಯಲ್ಲಿ ಬಿಟ್ಟ ಒಂದು ಸಂಖ್ಯೆ ಕೈಯಿಂದ ಕೈಗೆ ದಾಟುತ್ತಾ ನಮ್ಮ ಕೈಗೂ ಬಂದು, ನಮ್ಮಿಂದ ತಿಪಟೂರಿನ ತೋಟದವರೆಗೂ ಹೋಗಿತ್ತು.

ಈ ಲೇಖನದಲ್ಲಿ ನಾವು ಹೇಳಬೇಕೆಂದಿರುವುದು ಇಷ್ಟೇ. ಜರ್ನಲ್‌ಗಳ ನೀತಿ ನಿಯಮ ಅಂದಕೂಡಲೇ ಅದು ದೊಡ್ಡ ವಿಜ್ಞಾನಿಗಳ ವಿಷಯ, ನಮಗೇನು ಅಂದುಕೊಳ್ಳುತ್ತೇವೆ. ಆದರೆ ಹೆಸರು ಹಾಕಿ ಒಂದು ಸಂಖ್ಯೆ ಅಚ್ಚು ಮಾಡಿದ ದಿನವೇ ಅದು ನಮ್ಮ ವಿಷಯವೂ ಆಗುತ್ತದೆ. ಮತ್ತು ಆ ಸುಳ್ಳು ಸಂಖ್ಯೆಗೆ ಮಾರ್ಕ್ಸ್ ಕೊಡುವ ವ್ಯವಸ್ಥೆ ನಮಗೆ ಕಲಿಸುತ್ತಿರುವುದು ಎಂಜಿನಿಯರಿಂಗ್ ಅಲ್ಲ.

ಮೊದಲು, ನಿಜವಾದ ಜರ್ನಲ್‌ನಲ್ಲಿ ಏನಾಗಬೇಕು ಅಂತ ನೋಡೋಣ. ನೀವು ಪೇಪರ್ ಕಳಿಸುತ್ತೀರಿ. ಸಂಪಾದಕರು ಓದಿ, ಯೋಗ್ಯ ಅನ್ನಿಸಿದರೆ ಅದೇ ವಿಷಯದಲ್ಲಿ ಕೆಲಸ ಮಾಡುವ ಎರಡು ಮೂರು ಜನರಿಗೆ ಕಳಿಸುತ್ತಾರೆ. ಇದೇ ಪಿಯರ್ ರಿವ್ಯೂ. ಅವರಿಗೆ ಸಾಮಾನ್ಯವಾಗಿ ಇದಕ್ಕೆ ಸಂಬಳ ಇಲ್ಲ. ಅವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ತಾತನ ಪ್ರಶ್ನೆಗಳೇ: ಯಾರು ಅಳೆದರು, ಎಷ್ಟು ದಿನ, ಯಾವುದಕ್ಕೆ ಹೋಲಿಸಿ? ಇದಕ್ಕೆ ವಾರಗಳಲ್ಲ, ಎಷ್ಟೋ ಸಲ ತಿಂಗಳುಗಳೇ ಹಿಡಿಯುತ್ತವೆ. ಒಂದು ರಾತ್ರಿಯಲ್ಲಿ ಆಗುವ ಕೆಲಸ ಇದಲ್ಲ.

ಇದಕ್ಕೆಲ್ಲ ಬರೆದಿಟ್ಟ ನಿಯಮಗಳೂ ಇವೆ. ಬ್ರಿಟನ್‌ನಲ್ಲಿ ಕೆಲವು ವೈದ್ಯಕೀಯ ಜರ್ನಲ್‌ಗಳ ಸಂಪಾದಕರು 1997ರಲ್ಲಿ ಸೇರಿಕೊಂಡು ‘ಕೋಪ್’ ಅಂತ ಒಂದು ಸಮಿತಿ ಮಾಡಿಕೊಂಡರು. ಕೃತಿಚೌರ್ಯ ಕಂಡರೆ ಏನು ಮಾಡಬೇಕು, ಡೇಟಾ ಮೇಲೆ ಅನುಮಾನ ಬಂದರೆ ಯಾರನ್ನು ಕೇಳಬೇಕು, ಪೇಪರ್ ಹಿಂದಕ್ಕೆ ಪಡೆಯುವುದು ಹೇಗೆ ಅಂತ ಹಂತ ಹಂತವಾಗಿ ಅದು ತೋರಿಸಿಕೊಡುತ್ತದೆ. ವೈದ್ಯಕೀಯ ಜರ್ನಲ್ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯೊಂದು, ಲೇಖಕ ಅಂತ ಯಾರನ್ನು ಕರೆಯಬಹುದು ಅನ್ನುವುದಕ್ಕೆ ನಾಲ್ಕು ಷರತ್ತು ಇಟ್ಟಿದೆ. ಕೆಲಸದಲ್ಲಿ ಗಣನೀಯ ಪಾಲು ಇರಬೇಕು. ಬರೆಯುವುದರಲ್ಲಿ ಅಥವಾ ತಿದ್ದುವುದರಲ್ಲಿ ಪಾಲು ಇರಬೇಕು. ಕೊನೆಯ ಪ್ರತಿಯನ್ನು ಒಪ್ಪಿರಬೇಕು. ನಾಳೆ ಯಾರಾದರೂ ಪ್ರಶ್ನೆ ಕೇಳಿದರೆ ಉತ್ತರ ಕೊಡಲು ತಯಾರಿರಬೇಕು. ನಾಲ್ಕೂ ಬೇಕು, ಒಂದಿದ್ದರೆ ಸಾಲದು.

ಈಗ ನಮ್ಮ ಪೇಪರ್ ನೋಡಿ. ಮೇಲೆ ಆರು ಹೆಸರು. ಸರ್ಕ್ಯೂಟ್ ಕಟ್ಟಿ, ಕೋಡ್ ಬರೆದಿದ್ದು ಮೂರು ಜನ. ನಾಲ್ಕನೆಯವನು ನಮ್ಮ ಟೀಮಿನವನೇ, ಆದರೆ ಆ ತಿಂಗಳು ಪೂರ್ತಿ ಫೆಸ್ಟ್ ಕೆಲಸದಲ್ಲಿದ್ದ, ಟೈಟಲ್ ಪೇಜ್ ಮಾಡಿಕೊಟ್ಟ. ಐದನೆಯವನು ಪಕ್ಕದ ರೂಮಿನ ಗೆಳೆಯ, ಅವನ ಕೊಡುಗೆ 300 ರೂಪಾಯಿ. ಆರನೆಯ ಹೆಸರು ನಮ್ಮ ಗೈಡ್ ಮೇಡಂ ಅವರದು. ಹಾಗೆ ಹಾಕುವುದು ರೂಢಿ ಅಂತ ಸೀನಿಯರ್ಸ್ ಹೇಳಿದ್ದರಿಂದ ಹಾಕಿದೆವು, ಕಳಿಸುವ ಮೊದಲು ಅವರಿಗೆ ತೋರಿಸಲೇ ಇಲ್ಲ. ಸಹಾಯ ಮಾಡಿದವರಿಗೆ ಧನ್ಯವಾದ ಹೇಳಲು ಪೇಪರ್‌ನ ಕೊನೆಯಲ್ಲಿ ಒಂದು ಜಾಗ ಇರುತ್ತದೆ. ಆ ಜಾಗ ನಮ್ಮ ಪೇಪರ್‌ನಲ್ಲಿ ಖಾಲಿ ಇತ್ತು!

ಇದೇನೂ ನಮ್ಮ ಕ್ಯಾಂಪಸ್ ಕಂಡುಹಿಡಿದ ಹೊಸ ವಿದ್ಯೆ ಅಲ್ಲ. ದುಡ್ಡು ಕೊಟ್ಟರೆ ಏನು ಬೇಕಾದರೂ ಅಚ್ಚಾಗುತ್ತದೆ ಅಂತ ಬೇರೆಯವರು ಬೇಕಂತಲೇ ಪರೀಕ್ಷೆ ಮಾಡಿ ತೋರಿಸಿದ್ದಾರೆ. 2005ರಲ್ಲಿ ಎಂಐಟಿಯ ಮೂವರು ವಿದ್ಯಾರ್ಥಿಗಳು ‘ಸೈಜೆನ್’ ಅಂತ ಒಂದು ಪ್ರೋಗ್ರಾಂ ಬರೆದರು. ಬಟನ್ ಒತ್ತಿದರೆ ಗ್ರಾಫ್, ಚಿತ್ರ, ಉಲ್ಲೇಖ ಎಲ್ಲಾ ಇರುವ ಕಂಪ್ಯೂಟರ್ ಸೈನ್ಸ್ ಪೇಪರ್ ಬರುತ್ತದೆ, ಅರ್ಥ ಮಾತ್ರ ಒಂದು ಚೂರೂ ಇರುವುದಿಲ್ಲ. ಅದರಲ್ಲಿ ಒಂದನ್ನು ಒಂದು ಕಾನ್ಫರೆನ್ಸ್ ಸ್ವೀಕರಿಸಿಯೇಬಿಟ್ಟಿತು. ಅವರು ಮಾಡಿದ್ದು ತಮಾಷೆಗೆ. ಆದರೆ ಬೇರೆಯವರು ಆ ಸಾಫ್ಟ್‌ವೇರನ್ನು ನಿಜವಾಗಿಯೂ ಬಳಸಿಕೊಂಡರು. 2014ರಲ್ಲಿ ಸ್ಪ್ರಿಂಗರ್ ಮತ್ತು ಐಇಇಇ ಎರಡೂ ಸೇರಿ ಇಂಥ 120ಕ್ಕೂ ಹೆಚ್ಚು ಪೇಪರ್‌ಗಳನ್ನು ತೆಗೆದುಹಾಕಬೇಕಾಯಿತು. ಐಇಇಇ! ನಾವು ಲ್ಯಾಬ್ ರೆಕಾರ್ಡ್‌ನಲ್ಲಿ ದೇವರ ಹಾಗೆ ಹೆಸರು ಬರೆಯುವ ಐಇಇಇ.

2013ರಲ್ಲಿ ‘ಸೈನ್ಸ್’ ಪತ್ರಿಕೆಗಾಗಿ ಜಾನ್ ಬೊಹಾನನ್ ಎಂಬ ಪತ್ರಕರ್ತ ಇನ್ನೊಂದು ಪರೀಕ್ಷೆ ಮಾಡಿದ. ಕಲ್ಲುಹೂವಿನಂಥ ಲೈಕೆನ್‌ನಿಂದ ತೆಗೆದ ರಾಸಾಯನಿಕ ಕ್ಯಾನ್ಸರ್‌ಗೆ ಔಷಧಿ ಅಂತ ಒಂದು ಪೇಪರ್ ಹೊಸೆದ. ವಿಷಯ ಗೊತ್ತಿದ್ದವರು ಒಮ್ಮೆ ಓದಿದರೂ ಹಿಡಿಯಬಹುದಾದ ತಪ್ಪುಗಳನ್ನು ಅದರಲ್ಲಿ ಬೇಕಂತಲೇ ಇಟ್ಟ. ಇಲ್ಲದ ಸಂಸ್ಥೆಗಳ ಹೆಸರಲ್ಲಿ 304 ಓಪನ್ ಆಕ್ಸೆಸ್ ಜರ್ನಲ್‌ಗಳಿಗೆ ಕಳಿಸಿದ. 157 ಜರ್ನಲ್‌ಗಳು ಒಪ್ಪಿಕೊಂಡವು. ನಮಗೆ ಚುಚ್ಚಿದ್ದು ಮುಂದಿನ ಸಾಲು. ಆ ಜರ್ನಲ್‌ಗಳಲ್ಲಿ ಸುಮಾರು ಮೂರನೇ ಒಂದು ಭಾಗ ಭಾರತದಲ್ಲಿ ನೆಲೆ ಇದ್ದಂಥವು. ಅವುಗಳಲ್ಲಿ 64 ಒಪ್ಪಿದವು, 15 ಮಾತ್ರ ತಿರಸ್ಕರಿಸಿದವು. ‘ಅಮೆರಿಕನ್’, ‘ಯುರೋಪಿಯನ್’ ಅಂತ ಬೋರ್ಡ್ ಹಾಕಿಕೊಂಡ ಎಷ್ಟೋ ಜರ್ನಲ್‌ಗಳ ಬ್ಯಾಂಕ್ ಖಾತೆ ಹುಡುಕಿದರೆ ಬೇರೆ ದೇಶದಲ್ಲಿ ಸಿಕ್ಕಿತಂತೆ. ಹೆಸರು ಕ್ಷೀರಸಾಗರ ಭಟ್ಟ, ಮನೇಲಿ ಮಜ್ಜಿಗೆಗೂ ಗತಿ ಇಲ್ಲ ಅಂತಾರಲ್ಲ, ಹಾಗೆ.

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಓಪನ್ ಆಕ್ಸೆಸ್ ಅಂದಕೂಡಲೇ ಮೋಸ ಅಂತ ಅರ್ಥ ಅಲ್ಲ. ಅದೇ ಪೇಪರ್ ಹೋಗಿದ್ದ ‘ಪ್ಲಾಸ್ ಒನ್’ ಕೂಡ ಓಪನ್ ಆಕ್ಸೆಸ್ ಜರ್ನಲ್ಲೇ. ಅದು ಪೇಪರ್‌ನಲ್ಲಿದ್ದ ನೈತಿಕ ಲೋಪಗಳನ್ನು ಎತ್ತಿ ತೋರಿಸಿ ತಿರಸ್ಕರಿಸಿತು. ಎಲ್ಲರೂ ಪುಕ್ಕಟೆ ಓದಲಿ ಅಂತ ಲೇಖಕರಿಂದ ಶುಲ್ಕ ಪಡೆಯುವುದು ಒಂದು ವಿಷಯ. ಶುಲ್ಕ ಪಡೆದು ಓದದೆಯೇ ಅಚ್ಚು ಮಾಡುವುದು ಇನ್ನೊಂದು.

ನಮ್ಮ ದೇಶದಲ್ಲಿ ಇದನ್ನು ತಡೆಯಲು ಪ್ರಯತ್ನ ನಡೆದಿಲ್ಲ ಅಂತಲ್ಲ. ಯುಜಿಸಿ ತಾನು ಒಪ್ಪಿದ ಜರ್ನಲ್‌ಗಳ ಪಟ್ಟಿ ಮಾಡಿತ್ತು. ಅದರೊಳಗೇ ಕಳಪೆ ಜರ್ನಲ್‌ಗಳು ನುಸುಳಿ, 2018ರಲ್ಲಿ ಒಂದೇ ಏಟಿಗೆ 4,305 ಜರ್ನಲ್‌ಗಳನ್ನು ತೆಗೆಯಬೇಕಾಯಿತು. ಆಮೇಲೆ ‘ಕೇರ್’ ಎಂಬ ಹೊಸ ಪಟ್ಟಿ ಬಂತು. 2025ರಲ್ಲಿ ಅದನ್ನೂ ಕೈಬಿಟ್ಟು, ಜರ್ನಲ್ ಒಳ್ಳೆಯದೋ ಕೆಟ್ಟದ್ದೋ ಅಂತ ಸಂಸ್ಥೆಗಳೇ ನಿರ್ಧರಿಸಲಿ ಅಂತ ಯುಜಿಸಿ ಹೇಳಿತು. ಅಂದರೆ ಈಗ ಚೆಂಡು ನಮ್ಮ ಕಾಲೇಜುಗಳ ಅಂಗಳದಲ್ಲೇ ಇದೆ. ಹೈದರಾಬಾದ್ ಮೂಲದ ಓಮಿಕ್ಸ್ ಎಂಬ ಪ್ರಕಾಶನ ಸಂಸ್ಥೆ ಪಿಯರ್ ರಿವ್ಯೂ ಬಗ್ಗೆ, ಶುಲ್ಕದ ಬಗ್ಗೆ ಸಂಶೋಧಕರಿಗೆ ಸುಳ್ಳು ಹೇಳಿದೆ ಅಂತ ಅಮೆರಿಕದ ನ್ಯಾಯಾಲಯ 2019ರಲ್ಲಿ 5 ಕೋಟಿ ಡಾಲರ್‌ಗೂ ಹೆಚ್ಚು ಹಣ ಕಟ್ಟಲು ಆದೇಶಿಸಿತು. ಹೀಗೆ ಪಟ್ಟಿಗಳು ಬಂದವು, ಕೋರ್ಟ್ ಆದೇಶ ಬಂತು. ಸೀನಿಯರ್ ಕೊಡುವ ಲಿಂಕ್ ಮಾತ್ರ ಹಾಗೇ ಉಳಿದಿದೆ.

“ಅಯ್ಯೋ, ಮಿನಿ ಪ್ರಾಜೆಕ್ಟ್ ಗುರು. ಅದನ್ನ ಯಾರು ಓದ್ತಾರೆ?” ಈ ಲೇಖನ ಬರೆಯುತ್ತೇವೆ ಅಂದಾಗ ಎಲ್ಲರೂ ಹೇಳಿದ ಮೊದಲ ಮಾತು ಇದು. ನಾವೂ ಹಾಗೇ ಅಂದುಕೊಂಡಿದ್ದೆವು. ಆದರೆ ನಾವೇ ಓದಿದ್ದೆವಲ್ಲ? ನಮಗಿಂತ ಮುಂಚೆ ಬರೆದವರ 40 ಅನ್ನು ಓದಿ, ನಂಬಿ, ನಕಲು ಮಾಡಿದವರು ನಾವೇ. ಮುಂದಿನ ವರ್ಷ ಜೂನಿಯರ್ಸ್ ನಮ್ಮದನ್ನು ಓದುತ್ತಾರೆ. ಆಗ ಆ ಸಂಖ್ಯೆಗೆ ಮೂರು ಪೇಪರ್‌ಗಳ ಆಧಾರ ಇರುತ್ತದೆ. ಈಗ ಎಐ ಚಾಟ್‌ಬಾಟ್ ಕೇಳಿದರೂ ಇಂಟರ್‌ನೆಟ್‌ನಲ್ಲಿ ಇರುವುದನ್ನೇ ಅಲ್ಲವಾ ಅದು ಕಲಿತು ಹೇಳುವುದು?

ಯಾರೂ ನೋಡದ ಡೇಟಾ ಎಷ್ಟು ದೂರ ಹೋಗಬಲ್ಲದು ಅನ್ನುವುದಕ್ಕೆ ನಮಗೆಲ್ಲ ನೆನಪಿರುವ ಕಾಲದ್ದೇ ಒಂದು ಉದಾಹರಣೆ ಇದೆ. 2020ರ ಮೇ ತಿಂಗಳು. ನಾವೆಲ್ಲ ಸ್ಕೂಲಿನಲ್ಲಿದ್ದೆವು, ಲಾಕ್‌ಡೌನ್. ‘ಲ್ಯಾನ್ಸೆಟ್’ ಅನ್ನುವ, ಜಗತ್ತಿನ ಅತಿ ದೊಡ್ಡ ವೈದ್ಯಕೀಯ ಜರ್ನಲ್‌ಗಳಲ್ಲೊಂದರಲ್ಲಿ, ಹೈಡ್ರಾಕ್ಸಿಕ್ಲೋರೋಕ್ವಿನ್ ತೆಗೆದುಕೊಂಡ ಕೋವಿಡ್ ರೋಗಿಗಳಲ್ಲಿ ಸಾವು ಹೆಚ್ಚು ಅಂತ ಒಂದು ಪೇಪರ್ ಬಂತು. 671 ಆಸ್ಪತ್ರೆ, 96,032 ರೋಗಿಗಳ ಡೇಟಾ ಅಂತ ಅದರಲ್ಲಿತ್ತು. ಅದನ್ನು ನೋಡಿ ವಿಶ್ವ ಆರೋಗ್ಯ ಸಂಸ್ಥೆ ಆ ಔಷಧಿಯ ಪ್ರಯೋಗವನ್ನೇ ತಾತ್ಕಾಲಿಕವಾಗಿ ನಿಲ್ಲಿಸಿತು. ಆಮೇಲೆ ಬೇರೆ ವಿಜ್ಞಾನಿಗಳು ಸಂಖ್ಯೆಗಳು ಹೊಂದುತ್ತಿಲ್ಲ ಅಂತ ಕೇಳತೊಡಗಿದರು. ಡೇಟಾ ಇದ್ದದ್ದು ಸರ್ಜಿಸ್ಫಿಯರ್ ಎಂಬ ಒಂದು ಕಂಪನಿಯ ಹತ್ತಿರ. ಪರಿಶೀಲನೆಗೆ ಕೊಡಿ ಅಂದರೆ ಕೊಡಲಿಲ್ಲ. ಎರಡು ವಾರದೊಳಗೆ, ಜೂನ್ 4ರಂದು, ಆ ಕಂಪನಿಯ ಮುಖ್ಯಸ್ಥನನ್ನು ಬಿಟ್ಟು ಉಳಿದ ಮೂವರು ಲೇಖಕರು ಪೇಪರನ್ನು ಹಿಂದಕ್ಕೆ ಪಡೆದರು. ಮೂಲ ಡೇಟಾ ಸರಿ ಇದೆ ಅಂತ ತಾವು ಇನ್ನು ಭರವಸೆ ಕೊಡಲಾರೆವು ಅಂತ ಒಪ್ಪಿಕೊಂಡರು.

ಆ ಔಷಧಿಯಿಂದ ಕೋವಿಡ್ ರೋಗಿಗಳ ಸಾವು ಕಡಿಮೆ ಆಗುವುದಿಲ್ಲ ಅಂತ ಆಮೇಲೆ ಸರಿಯಾದ ದೊಡ್ಡ ಪ್ರಯೋಗಗಳಿಂದ ಗೊತ್ತಾಯಿತು. ಅದು ಬೇರೆ ವಿಷಯ. ಈ ಪೇಪರ್‌ನ ದೋಷ ಉತ್ತರದಲ್ಲಿ ಇರಲಿಲ್ಲ, ಉತ್ತರ ಎಲ್ಲಿಂದ ಬಂತು ಅನ್ನುವುದರಲ್ಲಿತ್ತು. ಲ್ಯಾನ್ಸೆಟ್‌ನ ರಿವ್ಯೂವರ್‌ಗಳು, ಸಹಲೇಖಕರು, ಯಾರೂ ತಾತನ ಪ್ರಶ್ನೆಯನ್ನು ಮೊದಲೇ ಕೇಳಿರಲಿಲ್ಲ: ಅಳತೆ ಮಾಡಿದ್ದು ಯಾರು?

ಹಾಗಾದರೆ ಎಲ್ಲಾ ಜರ್ನಲ್‌ಗಳೂ ಒಂದೇನಾ? ಅಲ್ಲ. ವ್ಯತ್ಯಾಸ ಗೊತ್ತಾಗುವುದು ತಪ್ಪು ಆದ ಮೇಲೆ ಏನು ಮಾಡುತ್ತಾರೆ ಅನ್ನುವುದರಲ್ಲಿ. ನಮ್ಮ ಬೆಂಗಳೂರಿನದೇ ಉದಾಹರಣೆ ಇದೆ. ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ, ಅಂದರೆ ಎನ್‌ಸಿಬಿಎಸ್‌ನ ಒಂದು ಲ್ಯಾಬ್‌ನಿಂದ 2020ರಲ್ಲಿ ಒಂದು ದೊಡ್ಡ ಜರ್ನಲ್‌ನಲ್ಲಿ ಪೇಪರ್ ಬಂತು, ಹೊಗಳಿಕೆಯೂ ಬಂತು. ಆಮೇಲೆ ಅದರ ಚಿತ್ರಗಳ ಬಗ್ಗೆ ಪ್ರಶ್ನೆ ಎದ್ದಿತು. ಸಂಸ್ಥೆ ತನಿಖೆ ಮಾಡಿತು, ಚಿತ್ರಗಳನ್ನು ತಿದ್ದಿರುವುದು ನಿಜ ಅಂತ ಬಹಿರಂಗವಾಗಿ ಹೇಳಿತು, 2021ರಲ್ಲಿ ಪೇಪರ್ ಹಿಂತೆಗೆಯಲಾಯಿತು. ಅವಮಾನ ಆಗಿರಬಹುದು. ಆದರೆ ಮುಂದೆ ಅದೇ ವಿಷಯದಲ್ಲಿ ಕೆಲಸ ಮಾಡುವ ಹುಡುಗನೊಬ್ಬ ಸುಳ್ಳಿನ ಮೇಲೆ ಮೂರು ವರ್ಷ ಕಟ್ಟುವುದು ತಪ್ಪಿತು.

ನಾವೂ ಹಿಂದಕ್ಕೆ ಪಡೆಯೋಣ ಅಂದುಕೊಂಡೆವು. ಜರ್ನಲ್‌ಗೆ ಮೇಲ್ ಹಾಕಿದೆವು. ಅಕ್ಸೆಪ್ಟ್ ಮಾಡಲು ಒಂದು ರಾತ್ರಿ ಸಾಕಾಗಿದ್ದವರಿಗೆ ಇದಕ್ಕೆ ಉತ್ತರ ಕೊಡಲು ಹನ್ನೊಂದು ದಿನ ಬೇಕಾಯಿತು. ಉತ್ತರ: ‘ವಿಥ್‌ಡ್ರಾವಲ್ ಶುಲ್ಕ 4,000 ರೂಪಾಯಿ.’ ಹಾಕಲು 1,500, ತೆಗೆಯಲು 4,000! ನಮ್ಮ ಹತ್ತಿರ ಅಷ್ಟು ದುಡ್ಡೂ ಇರಲಿಲ್ಲ, ಕೊಡುವ ಮನಸ್ಸೂ ಇರಲಿಲ್ಲ. ಹಾಗಾಗಿ ಆ ಪೇಪರ್ ಇವತ್ತಿಗೂ ಅಲ್ಲೇ ಇದೆ, ನಮ್ಮ ಹೆಸರಿನ ಜೊತೆ. ಅದರ ಪುಣ್ಯದಿಂದ ವಾರಕ್ಕೆರಡು ಮೇಲ್ ಬರುತ್ತವೆ: ‘ಡಿಯರ್ ಎಮಿನೆಂಟ್ ಪ್ರೊಫೆಸರ್, ಗ್ರೀಟಿಂಗ್ಸ್ ಆಫ್ ದಿ ಡೇ.’ ಎರಡನೇ ವರ್ಷದಲ್ಲೇ ಪ್ರೊಫೆಸರ್ ಆಗಿದ್ದೇವೆ, ಮ್ಯಾಥ್ಸ್ ಬ್ಯಾಕ್‌ಲಾಗ್ ಒಂದು ಬಾಕಿ ಇದೆ ಅಷ್ಟೇ.

ನಮ್ಮ ಕೈಲಾದದ್ದನ್ನು ಮಾಡಿದೆವು. ಪ್ರಾಜೆಕ್ಟ್‌ನ ಗಿಟ್‌ಹಬ್ ಪುಟದ ಮೊದಲ ಸಾಲಲ್ಲೇ ‘ಪೇಪರ್‌ನಲ್ಲಿರುವ ಶೇ. 40 ನಾವು ಅಳೆದದ್ದಲ್ಲ’ ಅಂತ ಬರೆದೆವು. ರೆಸ್ಯೂಮೆಯಿಂದ ಆ ಸಾಲು ತೆಗೆದೆವು. ಪಕ್ಕದ ರೂಮಿನ ಗೆಳೆಯನಿಗೆ 300 ರೂಪಾಯಿ ವಾಪಸ್ ಕೊಟ್ಟೆವು. ಆಮೇಲೆ ಸರಿಯಾಗಿ ಅಳೆದೇ ನೋಡೋಣ ಅಂತ ಆರು ಕುಂಡ ಇಟ್ಟೆವು. ಮೂರಕ್ಕೆ ಸೆನ್ಸರ್, ಮೂರಕ್ಕೆ ನಮ್ಮಲ್ಲೇ ಒಬ್ಬ ದಿನಾ ಕೈಯಲ್ಲಿ ನೀರು ಹಾಕುವುದು. ಹಾಕಿದ ಪ್ರತಿ ಹನಿಯೂ ಅಳತೆ ಗುರುತು ಮಾಡಿದ ಬಾಟಲಿಯಿಂದಲೇ. 14 ದಿನ.

ಮೊದಲ 9 ದಿನ ಕೈಯಲ್ಲಿ ಹಾಕಿದ್ದು 12 ಲೀಟರ್, ಸೆನ್ಸರ್ ಹಾಕಿದ್ದು 10.5 ಲೀಟರ್. ಅಂದರೆ ಉಳಿತಾಯ ಶೇ. 12.5. ಹತ್ತನೇ ದಿನ ಒಂದು ಕುಂಡದಲ್ಲಿ ನೀರು ತುಂಬಿ ಹರಿಯತೊಡಗಿತು. ಎಸ್.ಪಿ. ರೋಡಿನಿಂದ ತಂದ ಅಗ್ಗದ ಸೆನ್ಸರ್ ಅದು. ಎರಡು ಲೋಹದ ಕಡ್ಡಿಗಳ ನಡುವೆ ಕರೆಂಟ್ ಎಷ್ಟು ಹರಿಯುತ್ತದೆ ಅಂತ ನೋಡಿ ತೇವ ಹೇಳುತ್ತದೆ. ಒದ್ದೆ ಮಣ್ಣಿನಲ್ಲಿ ಸದಾ ಕರೆಂಟ್ ಹರಿದು ಕಡ್ಡಿ ಸವೆದುಹೋಗಿತ್ತು. ಸವೆದ ಕಡ್ಡಿಗೆ ಎಲ್ಲಾ ಮಣ್ಣೂ ಒಣ ಮಣ್ಣೇ, ಆದ್ದರಿಂದ ಪಂಪ್ ನಿಲ್ಲಲೇ ಇಲ್ಲ. 14 ದಿನದ ಲೆಕ್ಕ ಹಾಕಿದರೆ ಕೈಯಲ್ಲಿ 18.5 ಲೀಟರ್, ಸೆನ್ಸರ್‌ನಲ್ಲಿ 19 ಲೀಟರ್. ನಮ್ಮ ಸ್ಮಾರ್ಟ್ ಸಿಸ್ಟಮ್ ನೀರು ಉಳಿಸಿರಲಿಲ್ಲ, ಅರ್ಧ ಲೀಟರ್ ಜಾಸ್ತಿಯೇ ಕುಡಿದಿತ್ತು.

ತಾತನಿಗೆ ಫೋನ್ ಮಾಡಿ ಎಲ್ಲಾ ಹೇಳಿದ್ದಾಯಿತು. ಬೈತಾರೆ ಅಂದುಕೊಂಡಿದ್ದೆವು. ಅವರು, “ಸರಿ ಬಿಡು, ಡ್ರಿಪ್ಪೇ ಸಾಕು ಹಂಗಾರೆ. ಕಡ್ಡಿ ಸವೀದೇ ಇರೋದು ಸಿಕ್ಕುದ್ರೆ ಹೇಳು” ಅಂದರು. ನಿಜ ಹೇಳಬೇಕೆಂದರೆ ಈ ಇಡೀ ಪ್ರಾಜೆಕ್ಟ್‌ನಲ್ಲಿ ನಮಗೆ ಸಿಕ್ಕಿದ ಒಳ್ಳೆಯ ಪಿಯರ್ ರಿವ್ಯೂ ಅದೊಂದೇ. ಕಡ್ಡಿ ಸವೆಯುವ ಸಮಸ್ಯೆ ಇಲ್ಲದ ಕೆಪ್ಯಾಸಿಟಿವ್ ಸೆನ್ಸರ್ ಈಗ ತರಿಸಿದ್ದೇವೆ, ಹೊಸ ಕುಂಡಗಳು ಬಾಲ್ಕನಿಯಲ್ಲಿವೆ.

ಗೈಡ್ ಮೇಡಂ ಹತ್ತಿರವೂ ಹೋಗಿ ಹೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ನನ್ನ ಹೆಸರು ಹಾಕೋ ಮುಂಚೆ ಒಂದು ಮಾತು ಕೇಳಬಹುದಿತ್ತಲ್ಲಪ್ಪಾ” ಅಂದರು. ನಮ್ಮ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ಅವರೇ, “ನಮಗೂ ವರ್ಷಕ್ಕೆ ಎಷ್ಟು ಪೇಪರ್ ಅಂತ ಕೇಳ್ತಾರೆ, ಹೇಗೆ ಬಂತು ಅಂತ ಯಾರೂ ಕೇಳಲ್ಲ” ಅಂದರು. ಆ ಮಾತು ನಮ್ಮ ತಲೆಯಲ್ಲಿ ಉಳಿದುಬಿಟ್ಟಿದೆ. ಲೆಕ್ಚರರ್‌ಗಳನ್ನು ದೂರಿ ಕೈತೊಳೆದುಕೊಳ್ಳುವ ಲೇಖನ ಇದಲ್ಲ. ಮೇಲಿಂದ ಕೆಳಗಿನವರೆಗೆ ಎಲ್ಲರನ್ನೂ ಎಣಿಕೆಯಲ್ಲೇ ಅಳೆಯುತ್ತಿದ್ದಾರೆ. ಎಣಿಸಲು ಸುಲಭ, ಓದಲು ಕಷ್ಟ.

ಆದರೂ ಕಾಲೇಜು ಮಾಡಬಹುದಾದದ್ದು ಇದೆ. ಯುಜಿಸಿಯ 2022ರ ಪಿಎಚ್.ಡಿ. ನಿಯಮಗಳಲ್ಲಿ, ಥೀಸಿಸ್ ಕೊಡುವ ಮೊದಲು ಜರ್ನಲ್‌ನಲ್ಲಿ ಪೇಪರ್ ಬಂದಿರಲೇಬೇಕು ಎಂಬ ಕಡ್ಡಾಯವನ್ನೇ ತೆಗೆದುಹಾಕಲಾಗಿದೆ. ಐದು ವರ್ಷ ಒಂದೇ ವಿಷಯ ಓದುವವರಿಗೆ ಕಡ್ಡಾಯ ಅಲ್ಲದ್ದು, ಮೂರು ತಿಂಗಳಲ್ಲಿ ಮಿನಿ ಪ್ರಾಜೆಕ್ಟ್ ಮಾಡುವ ನಮಗೆ 10 ಮಾರ್ಕ್ಸ್‌ನ ಆಮಿಷ ಯಾಕೆ? ಆ 10 ಮಾರ್ಕ್ಸ್ ತೆಗೆದು ಅಳತೆಯ ಪುಸ್ತಕಕ್ಕೆ ಕೊಡಿ. ದಿನಾಂಕ ಹಾಕಿ, ದಿನಾ ಬರೆದ, ತಪ್ಪಾದದ್ದನ್ನೂ ಬರೆದ ಪುಸ್ತಕಕ್ಕೆ. ‘ನಮ್ಮ ಸಿಸ್ಟಮ್ ಕೆಲಸ ಮಾಡಲಿಲ್ಲ, ಕಾರಣ ಇದು’ ಅಂತ ಬರೆದವರಿಗೂ ಪೂರ್ತಿ ಮಾರ್ಕ್ಸ್ ಸಿಗಲಿ. ರಿಪೋರ್ಟ್‌ಗಳನ್ನು ಡಿಪಾರ್ಟ್‌ಮೆಂಟ್‌ನಲ್ಲೇ ಎಲ್ಲರೂ ಓದುವ ಹಾಗೆ ಇಡಿ. ಜೂನಿಯರ್ಸ್ ನಮ್ಮ ತಪ್ಪು ಸೆನ್ಸರ್ ಬಗ್ಗೆ ಓದಿ 14 ದಿನ ಉಳಿಸಿಕೊಳ್ಳಲಿ. ಒಂದು ಪೈಸೆ ಖರ್ಚಿಲ್ಲದ ಕೆಲಸ ಇದು.

ಇನ್ನು, ಲಿಂಕ್ ಕೈಯಲ್ಲಿ ಹಿಡಿದು ಕೂತಿರುವ ಜೂನಿಯರ್ಸ್‌ಗೆ. ಐಎಸ್‌ಎಸ್‌ಎನ್ ಇದೆ ಅಂದಮಾತ್ರಕ್ಕೆ ಜರ್ನಲ್ ಒಳ್ಳೆಯದಲ್ಲ. ಅದು ಗಾಡಿಯ ನಂಬರ್ ಪ್ಲೇಟ್ ಇದ್ದ ಹಾಗೆ, ಡ್ರೈವರ್ ಹೇಗೆ ಓಡಿಸ್ತಾನೆ ಅಂತ ಹೇಳುವುದಿಲ್ಲ. ಡಿಒಐ ಕೂಡ ಬರೀ ವಿಳಾಸ. ಸಂಪಾದಕ ಮಂಡಳಿಯಲ್ಲಿರುವ ಹೆಸರನ್ನು ಹುಡುಕಿ ನೋಡಿ, ಅವರ ಕಾಲೇಜಿನ ಪುಟದಲ್ಲಿ ಈ ಜರ್ನಲ್‌ನ ಸುದ್ದಿಯೇ ಇರುವುದಿಲ್ಲ. ಮೂರು ದಿನದಲ್ಲಿ ರಿವ್ಯೂ ಅಂತ ಜಾಹೀರಾತು ಹಾಕಿದವರಿಂದ ಮೂರು ಮಾರು ದೂರ ಇರಿ. ‘ಥಿಂಕ್ ಚೆಕ್ ಸಬ್‌ಮಿಟ್’ ಅನ್ನುವ ತಾಣದಲ್ಲಿ ಕೇಳಿಕೊಳ್ಳಬೇಕಾದ ಪ್ರಶ್ನೆಗಳ ಪಟ್ಟಿಯೇ ಇದೆ. ಒಳ್ಳೆಯ ವಿಜ್ಞಾನ ಬರಹ ಹೇಗಿರುತ್ತದೆ ಅಂತ ನೋಡಬೇಕಾ? ಸಿ.ವಿ. ರಾಮನ್ 1934ರಲ್ಲಿ ಶುರು ಮಾಡಿದ ಭಾರತೀಯ ವಿಜ್ಞಾನ ಅಕಾಡೆಮಿ ಬೆಂಗಳೂರಿನಲ್ಲೇ ಇದೆ. ಅವರು 1996ರಿಂದ ವಿದ್ಯಾರ್ಥಿಗಳಿಗಾಗಿಯೇ ‘ರೆಸೊನೆನ್ಸ್’ ಅಂತ ಒಂದು ಪತ್ರಿಕೆ ತರುತ್ತಿದ್ದಾರೆ. ಆನ್‌ಲೈನ್‌ನಲ್ಲಿ ಪುಕ್ಕಟೆ ಓದಬಹುದು.

ಕೊನೆಗೊಂದು ಮಾತು. ನಮ್ಮ ಪೇಪರ್‌ನ ಇಂಗ್ಲಿಷ್ ಬಲು ಗಟ್ಟಿಯಾಗಿತ್ತು. ‘ಗಣನೀಯ ಉಳಿತಾಯ ಕಂಡುಬಂದಿದೆ’ ಅನ್ನುವ ಅರ್ಥದ ಸಾಲುಗಳು ಪುಟ ತುಂಬ ಇದ್ದವು. ಯಾರಿಗೆ ಕಂಡುಬಂತು ಅಂತ ಆ ಸಾಲು ಹೇಳಬೇಕಿರಲಿಲ್ಲ, ಅದೇ ಅದರ ಅನುಕೂಲ. ತಾತನಿಗೆ ಹೇಳುವಾಗ ಅದು ನಡೆಯಲಿಲ್ಲ. ಮನೆಯ ಮಾತಲ್ಲಿ ಹೇಳಲು ಹೊರಟ ಕೂಡಲೇ ‘ಯಾರು’ ಅನ್ನುವ ಪ್ರಶ್ನೆ ಎದುರಿಗೆ ಬಂದು ನಿಂತಿತು. ಹಾಗಾಗಿ ಈಗ ನಾವು ನಾಲ್ಕು ಜನ ಒಂದು ಅಭ್ಯಾಸ ಮಾಡಿಕೊಂಡಿದ್ದೇವೆ. ಏನೇ ಬರೆದರೂ ಕಳಿಸುವ ಮೊದಲು ಮನೆಯಲ್ಲಿ ಯಾರಿಗಾದರೂ ಫೋನ್ ಮಾಡಿ ಅದನ್ನು ಕನ್ನಡದಲ್ಲಿ ಹೇಳುವುದು. ಹೇಳುವಾಗ ನಾಲಿಗೆ ತಡವರಿಸಿದ ಜಾಗಕ್ಕೆ ಗುರುತು ಹಾಕಿ, ಅಲ್ಲಿ ಮತ್ತೆ ಅಳೆಯುವುದು.

ಕೆಟ್ಟ ಮೇಲೆ ಬುದ್ಧಿ ಬಂತು ಅಂತ ನಗಬೇಡಿ. ನಿಮ್ಮ ಪೇಪರ್ ಇನ್ನೂ ಅಪ್‌ಲೋಡ್ ಆಗಿಲ್ಲ ತಾನೆ? ಅದರಲ್ಲಿರುವ ದೊಡ್ಡ ಸಂಖ್ಯೆಯ ಮೇಲೆ ಒಮ್ಮೆ ಬೆರಳಿಟ್ಟು ಕೇಳಿಕೊಳ್ಳಿ: ಇದು ಎಲ್ಲಿಂದ ಬಂತು?